ಕತ್ತಲಗೆರೆ ಧನುಶ್ರೀ ಹಿಡಿದ ಸುಳ್ಳು "ಆಯ್ತು"

ನಮ್ಮ ಕಡೆ "ಆಯ್ತು" ಅನ್ನುವ ಮಾತಿಗೆ ಎರಡು ಅರ್ಥ. ಕೆಲಸ ಮುಗಿಯಿತು ಎಂಬುದು ಒಂದು. ಕೇಳಿಸಿತು, ಮಾಡುತ್ತೇನೆ ಬಿಡಿ ಎಂಬುದು ಇನ್ನೊಂದು. ಈ ಎರಡರ ನಡುವೆ ಎಷ್ಟೋ ಕೆಲಸ ಕೆಟ್ಟಿವೆ. ಚನ್ನಗಿರಿಯ ನನ್ನ ರಕ್ತ ಪರೀಕ್ಷೆಯ ಲ್ಯಾಬೂ ಮುಚ್ಚಿಹೋಗುತ್ತಿತ್ತು, ಧನುಶ್ರೀ ಇಲ್ಲದಿದ್ದರೆ.

ಹೋದ ವರ್ಷ ಸೆಕೆಂಡ್ ಹ್ಯಾಂಡ್ ಸರ್ವರ್ ಒಂದನ್ನು ತಂದಿದ್ದೆ. ರಿಪೋರ್ಟು ಟೈಪ್ ಮಾಡಿದರೆ "ಸೇವ್ ಆಯಿತು" ಎಂದು ಪರದೆ ಹೇಳುತ್ತಿತ್ತು. ಕರೆಂಟು ಹೋಗಿ ಬಂದರೆ ಕೊನೆಯ ನಾಲ್ಕೈದು ರಿಪೋರ್ಟು ಮಾಯ. ಯುಪಿಎಸ್ ಬೇಕಾದಾಗಲೇ ಕೈಕೊಡುತ್ತಿತ್ತು. ಎರಡು ಸಲ ಜನರನ್ನು ಮತ್ತೆ ಕರೆಸಿ ಸೂಜಿ ಚುಚ್ಚಿದೆ.

"ಇನ್ನೊಂದ್ಸಲ ಹಿಂಗಾದ್ರೆ ಪೇಷೆಂಟುಗಳನ್ನ ದಾವಣಗೆರೆಗೇ ಕಳಿಸ್ತೀನಿ ಶಿವಲೀಲಾ," ಎಂದರು ನನ್ನ ಲ್ಯಾಬಿಗೆ ಪೇಷೆಂಟು ಕಳಿಸುವ ಡಾಕ್ಟರು. ಹದಿನಾಲ್ಕು ವರ್ಷ ಕಟ್ಟಿದ ಹೆಸರು ಅಲ್ಲಿಗೆ ಮುಗಿಯುತ್ತಿತ್ತು.

ಸರ್ವರ್ ಮಾರಿದವರು "ಆಯ್ತು ಮೇಡಂ, ನೋಡ್ತೀವಿ" ಎನ್ನುತ್ತಲೇ ತಿಂಗಳು ಕಳೆದರು. ಬಸ್‌ಸ್ಟ್ಯಾಂಡಿನ ಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಕತ್ತಲಗೆರೆಯ ಧನುಶ್ರೀ ನನಗೆ ನೆನಪಾದದ್ದು ಆಮೇಲೆ. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಬಂದವಳು ಹಳೆಯ ರಿಪೋರ್ಟನ್ನೆಲ್ಲ ಬೇರೆಡೆ ಇಳಿಸಿಕೊಂಡು, ಸರ್ವರಿನ ಪ್ಲಗ್ಗನ್ನು ಕಿತ್ತೇಬಿಟ್ಟಳು. ನನಗೆ ಪಿತ್ತ ನೆತ್ತಿಗೇರಿತು.

"ಏನ್ ಮಾಡ್ತಿದೀಯಮ್ಮ?"

"ಸುಳ್ಳು ಹಿಡೀತಿದೀನಿ ಅಕ್ಕ. ಪರೀಕ್ಷೆಗೆ ಅಂತ ನಾನ್ ಹೇಳಿದಂಗೆ ಸರ್ವರ್ ಒಂದೊಂದೇ ನಂಬರ್ ಬರೀತಿತ್ತು. ಬರೆದಾಯ್ತು ಅಂದ ನಂಬರ್ ನನ್ನ ಲ್ಯಾಪ್‌ಟಾಪಲ್ಲಿ ಐತೆ. ಈಗ ಮತ್ತೆ ಆನ್ ಮಾಡಿ ಡಿಸ್ಕಲ್ಲಿ ಎಷ್ಟೈತೆ ನೋಡಾಣ."

ಲ್ಯಾಪ್‌ಟಾಪಿನಲ್ಲಿ 4312. ಡಿಸ್ಕಿನಲ್ಲಿ 4190.

ಅವಳು ಬಿಡಿಸಿ ಹೇಳಿದಳು. ಬರೆಯಬೇಕಾದದ್ದು ಮೊದಲು ಕ್ಯಾಶ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಕೂರುತ್ತದೆ; ಕರೆಂಟು ಹೋದರೆ ಅದು ಖಾಲಿ. ಅದಕ್ಕೇ ಕಂಪ್ಯೂಟರು "ಅಲ್ಲಿರುವುದನ್ನೆಲ್ಲ ಡಿಸ್ಕಿಗೆ ಇಳಿಸು" ಎಂದು ಆಜ್ಞೆ ಕೊಡುತ್ತದೆ. ಇದೇ ಫ್ಲಶ್. ಡಿಸ್ಕುಗಳನ್ನು ಆಳುವ ಕಂಟ್ರೋಲರ್ ಕಾರ್ಡಿಗೆ ಆ ಆಜ್ಞೆ ಮುಟ್ಟಿಸುವುದು ಡ್ರೈವರ್ ಎಂಬ ಪ್ರೋಗ್ರಾಮಿನ ಕೆಲಸ. ಅದನ್ನು ಬರೆದ ಪುಣ್ಯಾತ್ಮರು, ಕಾರ್ಡೇ ಎಲ್ಲ ನೋಡಿಕೊಳ್ಳುತ್ತದೆಂದು ನಂಬಿ, ಆಜ್ಞೆಯನ್ನು ಕೆಳಗೆ ಕಳಿಸದೆ ಡ್ರೈವರೇ ನಡುವಿನಲ್ಲಿ "ಆಯ್ತು" ಎನ್ನುವಂತೆ ಮಾಡಿದ್ದರು.

"ಇದು ನಮ್ಮವ್ವನ ಸಸಿಮಡಿ ಕಥೆನೇ ಅಕ್ಕ," ಎಂದು ನಕ್ಕಳು.

ಅವಳ ತಾಯಿ ಗಿಡ್ಡಮ್ಮ ಕತ್ತಲಗೆರೆಯಲ್ಲಿ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು. ಹಿಂದೊಮ್ಮೆ ಆಕೆ ಗದ್ದೆಗೆ ಬರುವ ನೀರು ಕಟ್ಟು ಎಂದಾಗ ಯಾರೋ "ಆಯ್ತು" ಎಂದು ಎಲೆಅಡಿಕೆ ಮೆಲ್ಲುತ್ತ ಕೂತರಂತೆ. ಇಡೀ ಸಸಿಮಡಿ ಕೊಚ್ಚಿಹೋಯಿತು. ಅಂದಿನಿಂದ ಯಾರು ಆಯ್ತು ಎಂದರೂ ಆಕೆ "ಯಾವ ಆಯ್ತು?" ಎಂದು ಕೇಳದೆ ಬಿಡುವವಳಲ್ಲ.

ಡ್ರೈವರಿನಲ್ಲಿ ಹಾಗೆ ಸುಳ್ಳು ಹೇಳಿಸುತ್ತಿದ್ದ ನಾಲ್ಕು ಸಾಲನ್ನು ಧನುಶ್ರೀ ತೆಗೆದಳು. ಈಗ ಆಜ್ಞೆ ಕಾರ್ಡಿನವರೆಗೆ ಹೋಗುತ್ತದೆ. ಅಲ್ಲಿಂದ ಉತ್ತರ ಬಂದರೆ ಮಾತ್ರ ಸೇವ್. ತುಸು ನಿಧಾನ, ಆದರೆ ನಿಜ. ಇಪ್ಪತ್ತು ಸಲ ಪ್ಲಗ್ ಕಿತ್ತೆವು. ಒಂದು ನಂಬರೂ ತಪ್ಪಲಿಲ್ಲ.

ತಿದ್ದಿದ್ದನ್ನು ಆ ಡ್ರೈವರ್ ನೋಡಿಕೊಳ್ಳುವವರಿಗೂ ಕಳಿಸಿದಳು. ಎರಡು ತಿಂಗಳ ಮೇಲೆ ಅವಳ ಹೆಸರಿನಲ್ಲೇ ಒಪ್ಪಿಕೊಂಡರು. ಅವಳ ಹೆಸರಿರುವ ಆ ಪುಟವನ್ನು ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ಲ್ಯಾಬಿನ ಗೋಡೆಗೆ ತೂಗುಹಾಕಿದ್ದೇನೆ. ಒಂದಕ್ಷರ ಅರ್ಥವಾಗದಿದ್ದರೂ ದಿನಾ ಓದುತ್ತೇನೆ. ನನಗೆ ಹೆಮ್ಮೆ, ಯಾಕೆ ಮುಚ್ಚಿಡಲಿ?

ಮೊನ್ನೆ ಬೆಳಿಗ್ಗೆ ಗಿಡ್ಡಮ್ಮನೇ ಶುಗರ್ ತೋರಿಸಲು ಬಂದಿದ್ದಳು. ಹನ್ನೆರಡನೆಯ ರಿಪೋರ್ಟು ಸೇವ್ ಆದದ್ದೇ ತಡ, ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಹಳೆಯ ಅಭ್ಯಾಸ, ನನ್ನ ಕೈ ಮತ್ತೆ ಸೂಜಿಯ ಡಬ್ಬಿಗೆ ಹೋಯಿತು. ಅಷ್ಟರಲ್ಲಿ ಡಾಕ್ಟರ ಫೋನು.

"ರಿಪೋರ್ಟ್ ಆಯ್ತಾ?"

"ಆಯ್ತು ಸಾರ್," ಎಂದೆ.

ಬೆಂಚಿನ ಮೇಲಿಂದ ಗಿಡ್ಡಮ್ಮ ಕೇಳಿದಳು: "ಯಾವ ಆಯ್ತು?"

ಪರದೆ ಇನ್ನೂ ಕಪ್ಪಗೇ ಇತ್ತು. "ಮುಗಿದಿರೋ ಆಯ್ತು ಗಿಡ್ಡಮ್ಮ," ಎಂದೆ. "ನಿನ್ನ ಮಗಳು ಮಾಡಿದ್ದು."