ಕೋಳಿಯಕ್ಕನ ಇನ್ನೊಂದು ವಾರ
ಕೋಳಿಯಕ್ಕ ಹೊಸ ಕೋಳಿಯನ್ನು ನಂಬುವವಳಲ್ಲ ಎಂಬುದು ಕೇರಿಗೆಲ್ಲ ಗೊತ್ತು. ಹಿಂದೊಮ್ಮೆ ಸಂತೆಯಿಂದ ತಂದ ಹುಂಜವನ್ನು ನೇರವಾಗಿ ಗೂಡಿಗೆ ಬಿಟ್ಟು, ಅದರ ಮೈಯಲ್ಲಿದ್ದ ರಕ್ತ ಹೀರುವ ಉಣ್ಣೆಹುಳಕ್ಕೆ ಹದಿನೆಂಟು ಕೋಳಿಗಳನ್ನು ಕಳೆದುಕೊಂಡವಳು ಅವಳು. ಉಳಿದದ್ದು ಒಂದೇ ಮುದಿ ಹೇಂಟೆ. ಅದಕ್ಕೆ ಜೊತೆಯಾಗಲೆಂದು ತಂದ ಹೊಸ ಹೇಂಟೆಯನ್ನು ಒಂದು ತಿಂಗಳು ಬೇರೆ ಇಟ್ಟರೆ ಸಾಕೆಂದು ಪಶುವೈದ್ಯರು ಹೇಳಿದ್ದರು. ಅವಳು ಐದು ತಿಂಗಳಿಂದ ಜಾಲರಿಯಾಚೆ ಇಟ್ಟಿದ್ದಾಳೆ. ದಿನವೂ ಕನ್ನಡಕ ಒರೆಸಿ, ರೆಕ್ಕೆ ಎತ್ತಿ, ಪುಕ್ಕ ಬಿಡಿಸಿ ನೋಡುತ್ತಾಳೆ. ಏನೂ ಸಿಗದಿದ್ದರೆ ಭಯ ಇನ್ನೂ ಹೆಚ್ಚು. "ಎಲ್ಲೋ ಅಡಗಿರುತ್ತೆ. ಇನ್ನೊಂದು ವಾರ ನೋಡೋಣ." ಆ ಕಡೆಗೊಂದು ಜೊತೆ ಚಪ್ಪಲಿ, ಈ ಕಡೆಗೊಂದು ಜೊತೆ, ನಡುವೆ ಸೋಪಿನ ನೀರಿನ ಬಕೆಟ್ಟು. "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದು ಗೊಣಗುವ ಗಂಡನ ಕಾಲನ್ನೂ ತೊಳೆಸುತ್ತಾಳೆ. ಸಂಜೆಯಾದರೆ ಎರಡು ಹೇಂಟೆಗಳೂ ಆಚೆ ಈಚೆಯಿಂದ ಜಾಲರಿಗೆ ಮೈಯಾನಿಸಿ, ಒಂದೇ ಕೋಳಿಯೆಂಬಂತೆ ಮಲಗುವುದನ್ನು ಮಾತ್ರ ಅವಳು ಕಂಡೂ ಕಾಣದಂತಿದ್ದಳು. ಇವತ್ತು ಬೆಳಿಗ್ಗೆ ಮುದಿ ಹೇಂಟೆ ಹಾಗೆಯೇ ಒರಗಿಕೊಂಡು ತಣ್ಣಗಾಗಿತ್ತು. ಅದರ ರೆಕ್ಕೆ ಎತ್ತಿ, ಪುಕ್ಕ ಬಿಡಿಸಿ ನೋಡಿದಳು. ಒಂದು ಉಣ್ಣೆಯೂ ಇರಲಿಲ್ಲ. "ಅದಕ್ಕೆ ವಯಸ್ಸಾಗಿತ್ತು ಕಣೆ. ಇನ್ನಾದ್ರೂ ಹೊಸದನ್ನ ಒಳಗೆ ಬಿಡು" ಎಂದ ಗಂಡ. ಬರಿದಾದ ಗೂಡಿನ ಬಾಗಿಲಲ್ಲಿ ಚಪ್ಪಲಿ ಬದಲಿಸುತ್ತ ಕೋಳಿಯಕ್ಕ, "ಇನ್ನೊಂದು ವಾರ ನೋಡೋಣ" ಎಂದಳು.