ಈಶ್ವರಿಗೆ ಮೊದಲೇ ಗೊತ್ತಿತ್ತು

ಹೊಸ ಕ್ರಿಮಿನಲ್ ಸಂಹಿತೆಗಳು ಜಾರಿಗೆ ಬಂದ ಮರುವರ್ಷ ನಾನು ತಮಿಳುನಾಡಿನ ತೇನಿಯಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಬಿಟ್ಟರೆ ಬೇರೇನನ್ನೂ ಮನಸ್ಸಿಟ್ಟು ಮಾಡಿದವಳಲ್ಲ. ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲೆ ಎಂಬ ಧಿಮಾಕು ಇತ್ತು. ಈಶ್ವರಿಯ ಫೈಲು ನನ್ನ ಮೇಜಿಗೆ ಬಂದದ್ದು ಮಾತ್ರ ಆ ಪ್ರತಿಭೆ ನೋಡಿ ಅಲ್ಲ. ನನ್ನ ಮನೆಮಾತು ಕನ್ನಡ, ಅವಳದೂ ಅದೇ. "ನಿಮ್ಮವರೇ ತಾನೇ, ನೀನೇ ನೋಡಿಕೋ" ಎಂದರು ಸೀನಿಯರ್.

ಕೇಸು ಇಷ್ಟು. ಕೊಂಬೈ ಹತ್ತಿರದ ಹಳ್ಳಿ. ಈಶ್ವರಿಯ ಗಂಡ ಮುರುಗೇಶನಿಗೂ ಅವನ ದಾಯಾದಿ ಚಿನ್ನಸ್ವಾಮಿಗೂ ದ್ರಾಕ್ಷಿ ತೋಟದ ನಡುವಿನ ದಾರಿಗಾಗಿ ಜಗಳ. ಒಂದು ಭಾನುವಾರ ಮಧ್ಯಾಹ್ನ ಮುರುಗೇಶ ಮೋರಿಯ ಪಕ್ಕ ಕಾದು ನಿಂತು ಮಚ್ಚು ಬೀಸಿದ. ಕುತ್ತಿಗೆಗೆ ಬಿದ್ದ ಏಟನ್ನು ಚಿನ್ನಸ್ವಾಮಿ ಕೈಯಿಂದ ತಡೆದ. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಹೋದವು. ಕೊಲೆಯತ್ನದ ಕೇಸಿನಲ್ಲಿ ಮುರುಗೇಶ ಮೊದಲನೇ ಆರೋಪಿ. ಅವನಿಗೆ ಬೇರೆ ವಕೀಲರಿದ್ದರು. ಎರಡನೇ ಆರೋಪಿ ಈಶ್ವರಿ. ಅವಳು ಆ ಜಾಗದಲ್ಲೇ ಇರಲಿಲ್ಲ.

ಇಲ್ಲಿ ಕಾನೂನು ಸ್ವಲ್ಪ ಹೇಳಬೇಕು. ಗಂಡ ಏನು ಮಾಡಲಿದ್ದಾನೆಂದು ಹೆಂಡತಿಗೆ ಗೊತ್ತಿದ್ದ ಮಾತ್ರಕ್ಕೆ ಅವಳು ಒಳಸಂಚಿನ ಪಾಲುದಾರಳಾಗುವುದಿಲ್ಲ. ಸಂಚಿಗೆ ಒಪ್ಪಂದ ಬೇಕು. ಆದರೆ ಜೀವಾವಧಿಯಂಥ ಶಿಕ್ಷೆಯುಳ್ಳ ಅಪರಾಧದ ಯೋಜನೆಯನ್ನು, ಅದಕ್ಕೆ ಅನುಕೂಲವಾದೀತೆಂದು ತಿಳಿದೂ ಬಚ್ಚಿಟ್ಟರೆ, ಅದೇ ಬೇರೆ ಅಪರಾಧ. ಕೃತ್ಯ ನಡೆದುಹೋದರೆ ಏಳು ವರ್ಷದವರೆಗೆ ಜೈಲು. ತಮಾಷೆ ನೋಡಿ: ಅಪರಾಧ ಮಾಡಿ ಬಂದ ಗಂಡನಿಗೆ ಮನೆಯಲ್ಲಿ ಆಶ್ರಯ ಕೊಟ್ಟರೆ ಕಾನೂನು ಹೆಂಡತಿಯನ್ನು ಮನ್ನಿಸುತ್ತದೆ. ಮಾಡುವ ಮೊದಲಿನ ಮೌನಕ್ಕೆ ಆ ರಿಯಾಯಿತಿ ಇಲ್ಲ. ಈಶ್ವರಿಯ ಏಳು ವರ್ಷ ನೇತಾಡುತ್ತಿದ್ದದ್ದು 'ಬಚ್ಚಿಡುವುದು' ಎಂಬ ಒಂದು ಪದದ ಮೇಲೆ.

ಜಾಮೀನು ಪಡೆದು ಅವಳು ಒಡ್ಡನ್‌ಛತ್ರಂನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮಾರ್ಕೆಟ್ಟಿನಲ್ಲಿ ಟೊಮೆಟೊ ವಿಂಗಡಿಸುವ ಕೆಲಸ. ಅಲ್ಲಿಗೇ ಹೋದೆ. ತಮಿಳಿನವರಂತೆ ಅವಳು ನನ್ನನ್ನು ಮುದ್ದಿನಿಂದ 'ಕಣ್ಣು' ಎನ್ನುತ್ತಿದ್ದಳು.

"ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು ಕಣ್ಣು. ಮಚ್ಚು ಮಸ್ಕೊಂಡ್ ಬಂದು ನನ್ ಮುಂದೇನೆ ಇಟ್ಟ. ಬಾನ್ವಾರ ಅವನ್ ಕತೆ ಮುಗೀತದೆ ಅಂದ."

"ಮತ್ತೆ ಸ್ಟೇಷನ್‌ಗೆ ಯಾಕೆ ಓಗ್ಲಿಲ್ಲ?"

"ಪೆರಿಯವರಿಗೆ ಯೋಳ್ದೆ ಅಲ್ಲಾ! ಅವ್ರನ್ನ ಬಿಟ್ಟು ನೇರಾ ಪೋಲೀಸ್ ತಾವ ಓಗಿದ್ರೆ, ನಾಳೆ ನಮ್ಮನೇಲಿ ಎಣ ಎತ್ತಕ್ಕೂ ಒಬ್ನೂ ಬರಾಕಿಲ್ಲ. ನೀನು ತೇನೀಲಿ ಫ್ಯಾನ್ ಕೆಳಗೆ ಕೂತಿರೋಳು, ನಿಂಗೆಲ್ಲಿ ತಿಳೀತದೆ?"

ಪೆರಿಯವರೆಂದರೆ ನಮ್ಮವರ ಕೂಟದ ಹಿರಿಯ, ಮುರುಗೇಶನ ದೊಡ್ಡಪ್ಪ. ಮನೆಮನೆಯ ವ್ಯಾಜ್ಯ ಮೊದಲು ಅವರ ಜಗಲಿಗೆ ಹೋಗಬೇಕು, ಅದು ಕಟ್ಟಳೆ. ಈಶ್ವರಿ ಶುಕ್ರವಾರವೇ ಹೋಗಿ ಎಲ್ಲ ಹೇಳಿದ್ದಳು. ಭಾನುವಾರ ಅವರ ಮೊಮ್ಮಗನಿಗೆ ಕಿವಿ ಚುಚ್ಚುವ ಶಾಸ್ತ್ರ. "ಒಳ್ಳೆ ಕಾರ್ಯದಾಗೆ ಕೆಟ್ಟ ಮಾತು ಎತ್ತಬ್ಯಾಡ. ಸೋಮಾರ ಕೂಟ ಕರೀತೀನಿ. ಬಾಯ್ ಮುಚ್ಕೊಂಡು ಅಡುಗೆ ಕೆಲಸಕ್ಕೆ ಬಾ" ಎಂದಿದ್ದರು. ಅವಳು ಬಾಯಿ ಮುಚ್ಚಿಕೊಂಡಳು.

ಆ ಪೆರಿಯವರೇ ಪ್ರಾಸಿಕ್ಯೂಷನ್ ಸಾಕ್ಷಿ! ಆರೋಪಪಟ್ಟಿಯಲ್ಲಿ ಅವರ ಹೇಳಿಕೆ ಹೀಗಿತ್ತು: "ಅವಳಿಗೆ ಮೊದಲೇ ಗೊತ್ತಿತ್ತು. ಎತ್ತಿಕಟ್ಟಿದ್ದೇ ಅವಳು. ನಮ್ಮ ಹುಡುಗ ಸಾಧು." ತಮ್ಮನ ಮಗನ ತಪ್ಪು ಹಗುರವಾಗಬೇಕು, ತಮ್ಮ ಹೆಸರು ಎಲ್ಲೂ ಬರಬಾರದು. ಅದಕ್ಕೆ ಹೊರಗಿನಿಂದ ಬಂದ ಸೊಸೆ ಸಿಕ್ಕಿದಳು.

ಪಾಟೀಸವಾಲಿನ ದಿನ ಅವರು ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದು, ನನ್ನನ್ನು ನೋಡಿ ಮುಗುಳ್ನಕ್ಕರು. ಸವಾಲೆಲ್ಲ ತಮಿಳಿನಲ್ಲೇ ನಡೆಯಿತು.

"ಈಶ್ವರಿಗೆ ಗೊತ್ತಿತ್ತು ಅಂತ ನಿಮಗೆ ಹೇಗೆ ಗೊತ್ತು?"

"ಅವಳೇ ಹೇಳಿದಳಮ್ಮ."

"ಯಾವತ್ತು?"

ಪೆರಿಯವರು ಸರ್ಕಾರಿ ವಕೀಲರ ಕಡೆ ನೋಡಿದರು. ಅವರು ಕಾಗದ ನೋಡುತ್ತಿದ್ದರು. "ಶುಕ್ರವಾರ ಇರಬಹುದು."

"ಭಾನುವಾರದವರೆಗೆ ನೀವೇನು ಮಾಡಿದಿರಿ?"

"ಮನೆಯಲ್ಲಿ ಕಾರ್ಯ ಇತ್ತು. ನೆಂಟರಿಗೆ ಊಟ ಹಾಕಬೇಡವಾ?"

"ಚಿನ್ನಸ್ವಾಮಿ ಊಟಕ್ಕೆ ಬಂದಿದ್ದರಾ?"

"ಬರದೆ? ನಾನೇ ಕೈ ಹಿಡಿದು ಕೂರಿಸಿದೆ."

ಉಂಡು ಮನೆಗೆ ಹೊರಟ ದಾರಿಯಲ್ಲೇ ಚಿನ್ನಸ್ವಾಮಿಯ ಬೆರಳು ಹೋದದ್ದು. ನಾನು ಕೂತುಬಿಟ್ಟೆ. ಮುಂದೆ ಕೇಳಲು ಏನೂ ಉಳಿದಿರಲಿಲ್ಲ.

ನನ್ನ ವಾದ ಸರಳವಾಗಿತ್ತು. ಹಲ್ಲೆಯನ್ನು ತಡೆಯಬಲ್ಲವರು ಯಾರೆಂದು ಅವಳ ಜನ ನಂಬಿದ್ದರೋ ಅವರಿಗೇ ಅವಳು ಹೇಳಿದ್ದಾಳೆ. ಹೇಳಿದ್ದನ್ನು ಬಚ್ಚಿಟ್ಟದ್ದು ಎನ್ನುವುದು ಹೇಗೆ? ನ್ಯಾಯಾಧೀಶರು ಒಪ್ಪಿದರು. ಎತ್ತಿಕಟ್ಟಿದ್ದಕ್ಕೆ ಪುರಾವೆಯೇ ಇರಲಿಲ್ಲ. ಮುರುಗೇಶನಿಗೆ ಶಿಕ್ಷೆ, ಈಶ್ವರಿ ಖುಲಾಸೆ. ಪೆರಿಯವರ ಮೇಲೆ ಯಾರೂ ಕೇಸು ಹಾಕಲಿಲ್ಲ.

ತೀರ್ಪಾಗಿ ಹೊರಗೆ ಬಂದಾಗ ಮೆಟ್ಟಿಲ ಬಳಿ ಚಿನ್ನಸ್ವಾಮಿ ನಿಂತಿದ್ದ.

"ಗೆದ್ದೆ ಬುಡು ತಾಯಿ. ಚೆನ್ನಾಗಿ ಮಾತಾಡ್ದೆ. ಒಂದು ಕೇಳ್ಲಾ? ನಂಗ್ಯಾಕೆ ಯಾರೂ ಯೋಳ್ಲಿಲ್ಲ?"

ಅವನು ಬಲಗೈ ಎತ್ತಿ ನನ್ನ ಹಿಂದಕ್ಕೆ ತೋರಿಸಿದ.

"ಅವ್ಳ ಮನೆಗೂ ನನ್ ಮನೆಗೂ ನಡುವೆ ಒಂದೇ ಗೋಡೆ. ಆವತ್ತು ನನ್ ಎಲೆಗೆ ಪಾಯ್ಸ ಬಡಿಸ್ದೋಳೂ ಅವ್ಳೇ. ಇನ್ನೊಂದ್ ಸ್ವಲ್ಪ ಆಕ್ಲಾ ಮಾಮಾ ಅಂತ ಕೇಳಿ ಬಡಿಸಿದ್ಲು."

ಈಶ್ವರಿ ನನ್ನ ಹಿಂದೆಯೇ ಇದ್ದಳು. ತಿರುಗಿ ನೋಡಿದೆ. "ಬಾಯ್ ಮುಚ್ಕೊ ಅಂದಿದ್ರಲ್ಲ ಕಣ್ಣು" ಎಂದಳು, ಇದೂ ಒಂದು ಪ್ರಶ್ನೆಯಾ ಎಂಬಂತೆ.

ಪೊಲೀಸರ ತನಿಖೆ, ಆರೋಪಪಟ್ಟಿ, ನನ್ನ ಪಾಟೀಸವಾಲು, ತೀರ್ಪು: ಇಷ್ಟರಲ್ಲಿ ಎಲ್ಲೂ ಆ ಪ್ರಶ್ನೆ ಇಲ್ಲ. ಅವಳು ಪೊಲೀಸರಿಗೆ ಹೇಳಿದಳೇ, ಹಿರಿಯರಿಗೆ ಹೇಳಿದಳೇ ಎಂದು ಜಗ್ಗಾಡಿದೆವು. ಏಟು ತಿನ್ನಲಿದ್ದವನು ಪಕ್ಕದ ಮನೆಯಲ್ಲಿದ್ದ. ನಾನೂ ಕೇಳಲಿಲ್ಲ. ಕೇಳಿದ್ದರೆ ನನ್ನ ಕಕ್ಷಿದಾರಳಿಗೇ ಪೆಟ್ಟಾಗುತ್ತಿತ್ತು, ಆದ್ದರಿಂದ ಅದು ನನಗೆ ಹೊಳೆಯಲೂ ಇಲ್ಲ. ಇನ್ನೂ ಅಸಹ್ಯವಾದದ್ದು ಒಂದಿದೆ. ಕೋರ್ಟೇ ತಮ್ಮ ಜಗಲಿಯನ್ನು ಮಾನ್ಯ ಮಾಡಿದೆ ಎಂದು ಪೆರಿಯವರು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಾರಂತೆ. ಆ ಮಾತಿಗೆ ಆಧಾರ ಒದಗಿಸಿದವಳು ನಾನು.

ಖುಲಾಸೆ ಎಂದರೆ ಆರೋಪ ನಿಲ್ಲಲಿಲ್ಲ ಎಂದಷ್ಟೇ ಅರ್ಥ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ. ಈ ಕೆಲಸ ನನಗೆ ಅದನ್ನು ಕಲಿಸಿತು. ಈಗ ಯಾರಾದರೂ ಬಂದು "ನಮ್ಮವರು ಇಂಥವರನ್ನು ಹೊಡೆಯುತ್ತಾರಂತೆ, ನನ್ನ ಮೇಲೆ ಕೇಸಾಗುತ್ತಾ?" ಎಂದರೆ ನಾನು ಸೆಕ್ಷನ್ ಹೇಳುವುದಿಲ್ಲ. ಹೊಡೆಸಿಕೊಳ್ಳುವವರ ಫೋನ್ ನಂಬರ್ ಕೇಳುತ್ತೇನೆ. ಇದುವರೆಗೆ ಹಾಗೆ ಬಂದವರು ಇಬ್ಬರು. ಒಬ್ಬಳು ಕೊಟ್ಟಳು. ಇನ್ನೊಬ್ಬಳು, "ಪೆರಿಯವರ್ನ ಒಂದ್ ಮಾತು ಕೇಳ್ಕೊಂಡ್ ಬತ್ತೀನಿ" ಎಂದು ಎದ್ದು ಹೋದಳು. ಆ ನಂಬರನ್ನು ನಾನೇ ಹುಡುಕಿ ಫೋನ್ ಮಾಡಿದೆ.