ದುರ್ಬೀನಿನಲ್ಲಿ ಕಂಡ ಶೇಂಗಾ ಹೊಲ

ಕಪ್ಪತಗುಡ್ಡ ತೋರಿಸುವುದು ನನ್ನ ಕೆಲಸ. ಒಮ್ಮೆ ಗುಡ್ಡದ ಬುಡದ ಹಳ್ಳಿಯಿಂದಲೇ ಮಹಿಳಾ ಸಂಘದವರು ಬಂದಿದ್ದರು. ದಿನಾ ಕೆಳಗಿನಿಂದ ಗುಡ್ಡ ನೋಡುವವರು, ಮೇಲೆ ಹತ್ತಿದ್ದು ಅವತ್ತೇ ಮೊದಲು.

ಗಾಳಿಯಂತ್ರಗಳ ಸಾಲು ನೋಡಲೆಂದು ಹಿರಿಯ ಹೆಂಗಸೊಬ್ಬರ ಕೈಗೆ ದುರ್ಬೀನು ಕೊಟ್ಟೆ. ಅವರು ಅದನ್ನು ಸೀದಾ ಕೆಳಕ್ಕೆ ತಿರುಗಿಸಿದರು.

"ಅಯ್ಯ, ನಮ್ಮ ಶೇಂಗಾ ಹೊಲ! ಯಾರದೋ ಎಮ್ಮಿ ಹೊಕ್ಕಾವ!"

ಕೂಡಲೇ ಗಂಡನಿಗೆ ಫೋನ್ ಹಚ್ಚಿದರು.

"ಎಲ್ಲಿ ಅದೀರಿ?"

"ಹೊಲದಾಗ. ಬೆಳಿ ಕಾಯಾಕತ್ತೀನಿ," ಎಂದಿತು ಸ್ಪೀಕರ್.

"ಹೌದಾ? ಹಂಗಾರ ಹೆಗಲ ಮ್ಯಾಲಿನ ಟವೆಲ್ ಬೀಸ್ರಿ, ನೋಡೂಣು. ಗುಡ್ಡದ ಮ್ಯಾಗಿಂದ ಎಲ್ಲಾ ಕಾಣತೈತಿ."

ಫೋನ್ ಕಟ್ಟಾಯಿತು. ನಾನು ಗಿಡಮೂಲಿಕೆಗಳ ವಿಷಯ ಹೇಳತೊಡಗಿದೆ. ಯಾರೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಹಿರಿಯ ಹೆಂಗಸು ದುರ್ಬೀನು ನನಗೆ ಕೊಟ್ಟು, "ನೀನೂ ನೋಡು ತಮ್ಮಾ," ಎಂದರು. ಊರ ಕಡೆಯಿಂದ ಒಬ್ಬರು ಧೋತರ ಎತ್ತಿಕೊಂಡು ಹೊಲಕ್ಕೆ ಓಡಿಬರುತ್ತಿದ್ದರು. ಬಂದವರು ಎಮ್ಮೆಗಳನ್ನು ಓಡಿಸುವ ಮೊದಲು ಗುಡ್ಡದತ್ತ ತಿರುಗಿ ಟವೆಲ್ ಬೀಸಿದರು.

"ಭಾಳ ಚಂದ ಐತಿ ತಮ್ಮಾ, ನಿನ್ನ ಗುಡ್ಡ," ಎಂದು ಆಕೆ ಬಂಡೆಯ ಮೇಲೆ ಕುಳಿತರು.

ಗಾಳಿಯಂತ್ರ ತೋರಿಸೋಣವೆಂದು ತಿರುಗಿದೆ. ಸಂಘದ ಉಳಿದ ಹೆಂಗಸರೆಲ್ಲ ಮೊಬೈಲ್ ಹಿಡಿದು ದುರ್ಬೀನಿಗೆ ಪಾಳಿ ಹಚ್ಚಿ ನಿಂತಿದ್ದರು.